ಅವ್ವನ ಹಲ್ಲಿ, ಕಾಕೂನ ಪಾಲ

ಊರು ಬಿಟ್ಟು ಬಂದವರಿಗೆ ಏನೇನು ನೆನಪಾಗುತ್ತದೆ ಎಂದು ಯಾರಾದರೂ ಕೇಳಿದರೆ ನಮ್ಮ ಪುಣೆಯ ಕನ್ನಡಿಗರ ಹತ್ತಿರ ಒಂದು ಸಿದ್ಧ ಪಟ್ಟಿ ಇರುತ್ತದೆ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಊರ ಜಾತ್ರೆಯ ತೇರು, ಸಂಜೆ ಕಟ್ಟೆಯ ಮೇಲಿನ ಹರಟೆ. ಹಲ್ಲಿಯನ್ನು ಈ ಪಟ್ಟಿಗೆ ಸೇರಿಸಿದವರನ್ನು ನಾನು ಕಂಡಿಲ್ಲ. ಸೇರಿಸುವ ಅಗತ್ಯವೂ ಇಲ್ಲ ಅನ್ನಿ. ರೊಟ್ಟಿ ತಟ್ಟುವವರನ್ನು ಪೇಟೆಯಲ್ಲೆಲ್ಲ ಹುಡುಕಬೇಕು, ಹಲ್ಲಿಯನ್ನು ಹುಡುಕಬೇಕಾಗಿಲ್ಲ. ನೀವು ಬಾಡಿಗೆ ಮನೆಯ ಬೀಗ ತೆಗೆಯುವ ಹೊತ್ತಿಗೆ ಅದು ಟ್ಯೂಬ್‌ಲೈಟಿನ ಹಿಂದೆ ಕುಳಿತು ನಿಮ್ಮ ದಾರಿ ಕಾಯುತ್ತಿರುತ್ತದೆ. ಅದಕ್ಕೆ ಡಿಪಾಜಿಟ್ಟಿಲ್ಲ, ಅಗ್ರಿಮೆಂಟಿಲ್ಲ, ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರುವ ಚಿಂತೆಯಿಲ್ಲ.

ಆದರೆ ಒಂದು ವಿಷಯ ಊರಿನಲ್ಲಿರುವ ನಿಮಗೆ ಗೊತ್ತಿರಲಿಕ್ಕಿಲ್ಲ. ಹಲ್ಲಿ ಅದೇ ಹಲ್ಲಿಯಾದರೂ ಗಡಿ ದಾಟಿದ ಮೇಲೆ ಅದರ ಮಾತಿನ ಅರ್ಥ ಬದಲಾಗುತ್ತದೆ!

ನಮ್ಮ ಕಡೆ ಹಲ್ಲಿ ಎಂದರೆ ಸಾಕ್ಷಿ. ಯಾರಾದರೂ ಏನಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತೋ, ಮುಗಿಯಿತು, ಆ ಮಾತು ಸತ್ಯ. "ನೋಡು, ಹಲ್ಲಿ ನುಡೀತು, ಖರೇ ಐತಿ" ಎಂದು ನಮ್ಮ ಅವ್ವ ನೆಲಕ್ಕೆ ಬೆರಳಿನಿಂದ ಮೂರು ಸಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದಳು. ಮೈಮೇಲೆ ಬಿದ್ದರೆ ಮಾತ್ರ ಅದು ಬೇರೆ ಖಾತೆ. ಪಂಚಾಂಗ ತೆಗೆದು ಯಾವ ಅಂಗಕ್ಕೆ ಯಾವ ಫಲ ಎಂದು ನೋಡಬೇಕು. ಕಂಚಿಯ ವರದರಾಜ ಸ್ವಾಮಿಯ ಗುಡಿಯಲ್ಲಿ ಬಂಗಾರದ ಹಲ್ಲಿ, ಬೆಳ್ಳಿಯ ಹಲ್ಲಿ ಮುಟ್ಟಿ ಬಂದವರು ಓಣಿಯಲ್ಲಿ ಯಾರಾದರೂ ಇದ್ದರೆ ಓಡಿಹೋಗಿ ಅವರನ್ನು ಮುಟ್ಟಿ ಬರಬೇಕು. ನಮ್ಮ ಓಣಿಯಲ್ಲಿ ಹಾಗೆ ಮುಟ್ಟಿಸಿಕೊಳ್ಳುವ ಒಬ್ಬ ಅಜ್ಜಿ ಇದ್ದಳು. ಕಂಚಿಗೆ ಹೋಗಿಬಂದ ಒಂದೇ ಪುಣ್ಯದ ಮೇಲೆ ಆಕೆಗೆ ಓಣಿಯಲ್ಲಿ ಭಾರಿ ಮರ್ಯಾದೆ.

ಪುಣೆಗೆ ಬಂದೆ ನೋಡಿ, ಇಲ್ಲಿ ಹಲ್ಲಿ 'ಪಾಲ'. ಹೆಸರೇನೂ ಪರಕೀಯವಲ್ಲ. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ನಮ್ಮ ಹಲ್ಲಿಯೂ ಒಂದು ಕಾಲಕ್ಕೆ ಪಲ್ಲಿಯೇ. ತಮಿಳರು ಇವತ್ತಿಗೂ ಪಲ್ಲಿ ಅನ್ನುತ್ತಾರೆ, ತೆಲುಗರು ಬಲ್ಲಿ ಅನ್ನುತ್ತಾರೆ. ಹೆಸರು ಹತ್ತಿರವೇ, ಸ್ವಭಾವ ಮಾತ್ರ ಉಲ್ಟಾ. ಮರಾಠಿಯಲ್ಲಿ ಮನಸ್ಸಿಗೆ ಏನಾದರೂ ಅನುಮಾನ ಬಂದರೆ 'ಮನಾತ ಶಂಕೇಚೀ ಪಾಲ ಚುಕಚುಕಲೀ' ಅನ್ನುತ್ತಾರೆ. ಮನಸ್ಸಿನಲ್ಲಿ ಶಂಕೆಯ ಹಲ್ಲಿ ಲೊಚಗುಟ್ಟಿತು ಅಂತ. ಕೃಷ್ಣಾ ನದಿಯ ಆ ಕಡೆ ಸತ್ಯ ನುಡಿಯುವ ಪ್ರಾಣಿ ಈ ಕಡೆ ಬಂದರೆ ಸಂಶಯ ಹುಟ್ಟಿಸುತ್ತದೆ! ಬಂದ ಹೊಸದರಲ್ಲಿ ಇದು ನನಗೆ ತಮಾಷೆಯಾಗಿ ಕಂಡಿತ್ತು. ಇದರಿಂದ ನಮ್ಮ ಮನೆಯಲ್ಲೇ ಒಂದು ಸಂಜೆ ಎಲ್ಲರೂ ಮೌನವಾಗಿ ಕೂರುವ ಪ್ರಸಂಗ ಬರುತ್ತದೆ ಎಂದು ಆಗ ಎಣಿಸಿರಲಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಮದುವೆಯಾಗಿ ಪುಣೆಗೆ ಬಂದದ್ದು 1998ರಲ್ಲಿ. ಬಾಗಲಕೋಟೆ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು, ಹಳೆಯ ಊರು ಮಾತ್ರ ಮುಳುಗಲು ಸಿದ್ಧವಾಗುತ್ತಿತ್ತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಹಿಂದೆ ಹಿಂದೆ ಏರುತ್ತ ಬಂದು ಪೇಟೆಯ ಎಷ್ಟೋ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಹೋದರು. ಪ್ರತಿ ಸಲ ತವರಿಗೆ ಹೋದಾಗ ಒಂದೊಂದು ಗುರುತು ಕಡಿಮೆಯಾಗಿರುತ್ತಿತ್ತು. ನಮ್ಮ ಊರು ಪಟ್ಟಣದಿಂದ ಹೊರಗೆ, ನದಿಯ ದಂಡೆಗೆ. ಆ ಸುತ್ತಿನಲ್ಲಿ ನಮ್ಮ ಹೊಲ ಹೋಯಿತು, ಮನೆ ಉಳಿಯಿತು. ಅಪ್ಪ ಅದನ್ನೇ ದೊಡ್ಡ ಗೆಲುವು ಎಂದುಕೊಂಡಿದ್ದ. ಈಗ ಆಣೆಕಟ್ಟಿನಲ್ಲಿ ನೀರು ನಿಲ್ಲಿಸುವುದು 519.6 ಮೀಟರ್ ಮಟ್ಟಕ್ಕೆ. ಅದನ್ನು 524.256 ಮೀಟರಿಗೆ ಏರಿಸಬಹುದು ಎಂದು 2010ರ ಕೊನೆಗೆ ಕೃಷ್ಣಾ ನ್ಯಾಯಮಂಡಳಿ ಹೇಳಿತು. ಆ ನಾಲ್ಕೂವರೆ ಮೀಟರಿನ ನಡುವೆ ನಮ್ಮ ಮನೆಯ ಹೊಸ್ತಿಲು, ಪಡಸಾಲೆ, ದೇವರ ಕೋಣೆ ಎಲ್ಲ ಬರುತ್ತವೆ.

ಅಪ್ಪ 2021ರಲ್ಲಿ ಹೋದ. ನಾನೊಬ್ಬಳೇ ಮಗಳು. ಅವ್ವ ಒಂದು ವರ್ಷ ಒಬ್ಬಳೇ ಇದ್ದು, ಮೊಳಕಾಲು ನೋವು ಜಾಸ್ತಿಯಾದ ಮೇಲೆ, "ಮಗಳ ಮನ್ಯಾಗ ಎಷ್ಟ ದಿನಾ ಅಂತ ಇರೂದವ್ವಾ" ಅನ್ನುತ್ತಲೇ ಪುಣೆಗೆ ಬಂದಳು. ಒಂದು ಟ್ರಂಕು, ಒಂದು ಚೀಲ ಜೋಳ, ಒಂದು ಒಳಕಲ್ಲಿನ ಗುಂಡು. ಒಳಕಲ್ಲು ಬಿಟ್ಟು ಬರೇ ಗುಂಡು ಯಾಕೆ ತಂದೆ ಎಂದರೆ, "ಕಲ್ಲ ಎತ್ತಾಕ ಆಗಲಿಲ್ಲ" ಅಂದಳು.

ನಾಲ್ಕನೆಯ ಮಹಡಿಯ ಈ ಮನೆಯಲ್ಲಿ ಅವ್ವನಿಗೆ ಪರಿಚಯದ್ದು ಎಂದು ಏನೂ ಇರಲಿಲ್ಲ. ಲಿಫ್ಟು ಹೊಸದು, ಗ್ಯಾಸಿನ ಲೈಟರು ಹೊಸದು, ಭಾಷೆ ಹೊಸದು. ಮೊಮ್ಮಗಳು ತನ್ನನ್ನು 'ಆಯಿ' ಎಂದು ಕರೆದರೆ ಆಕೆಯ ಗೆಳತಿಯರು ಇದು ಯಾರ ಅಮ್ಮ ಎಂದು ಗೊಂದಲ ಬೀಳುತ್ತಿದ್ದರು, ಮರಾಠಿಯಲ್ಲಿ ಆಯಿ ಎಂದರೆ ತಾಯಿಯಲ್ಲವೆ! ಬಂದ ಮೂರನೆಯ ದಿನ ರಾತ್ರಿ ಅಡಿಗೆಮನೆಯ ಗಡಿಯಾರದ ಹಿಂದಿನಿಂದ ಲೊಚ್ ಲೊಚ್ ಎಂದು ಕೇಳಿದಾಗ ಅವ್ವನ ಮುಖ ಅರಳಿತು. "ಅಲಲಲಾ, ಇಲ್ಲೂ ಅದಿಯೇನವಾ" ಎಂದು ಅದನ್ನೇ ಮಾತಾಡಿಸಿದಳು. ಆ ದಿನದಿಂದ ರಾತ್ರಿ ದೀಪ ಆರಿಸುವ ಮುನ್ನ ಅವ್ವ ಒಮ್ಮೆ ಗಡಿಯಾರದ ಕಡೆ ನೋಡುವುದು ರೂಢಿಯಾಯಿತು. ಹೊತ್ತು ನೋಡುವುದಕ್ಕಲ್ಲ, ಆಕೆಗೆ ಗಡಿಯಾರ ತಿಳಿಯುವುದಿಲ್ಲ.

ಎದುರು ಮನೆಯ ಕಾಕು ಅವ್ವನ ವಾರಿಗೆಯವರೇ. ಅವರಿಗೆ ಕನ್ನಡ ಬಾರದು, ಅವ್ವನಿಗೆ ಮರಾಠಿ ಬಾರದು. ಆದರೂ ದಿನಾ ನಾಲ್ಕು ಗಂಟೆಗೆ ಕಾಕು ಬಂದು ಕೂತರೆ ಆರರವರೆಗೆ ಇಬ್ಬರ ಮಾತು ನಿಲ್ಲುವುದಿಲ್ಲ. ಅವರು ಅವರದು, ಇವರು ಇವರದು. ನಡುವೆ 'ಭಾಕರಿ', 'ಚಟ್ನಿ', 'ಖರೇ' ಎಂಬ ಎರಡೂ ಕಡೆ ನಡೆಯುವ ನಾಣ್ಯಗಳು. ಒಮ್ಮೆ ಕಾಕು ಸಿಂಹಗಡದ ಕಥೆ ಹೇಳಿದರು. 1670ರಲ್ಲಿ ತಾನಾಜಿ ಕೋಟೆ ಹತ್ತಿದ್ದು, ಅದಕ್ಕೂ ಮೊದಲು ಯಶವಂತಿ ಎಂಬ ಘೋರಪಡೆಗೆ ಹಗ್ಗ ಕಟ್ಟಿ ಬಂಡೆಗೆ ಬಿಟ್ಟದ್ದು. ಘೋರಪಡ ಎಂದರೆ ಉಡ ಎಂದು ನಾನು ಕನ್ನಡದಲ್ಲಿ ತಿಳಿಸಿ ಹೇಳಿದೆ. ಅವ್ವ ತಕ್ಷಣ, "ಮುಧೋಳದ ಘೋರ್ಪಡೆ ರಾಜರು ಅಂದ್ರ ಅದ ಹೆಸರಿನವರನ?" ಎಂದು ಕೇಳಿದಳು. ಹೌದು, ಉಡದ ಸಹಾಯದಿಂದ ಕೋಟೆ ಹತ್ತಿದ ಮನೆತನ ಎಂದೇ ಆ ಹೆಸರಿಗೆ ಐತಿಹ್ಯ. ಮುಧೋಳ ನಮ್ಮ ಜಿಲ್ಲೆಯದೇ ಊರು. ಕಾಕುಗೆ ಅವ್ವನ ಮೇಲೆ ಆ ದಿನದಿಂದ ಪ್ರೀತಿ ಒಂದು ತೂಕ ಹೆಚ್ಚಾಯಿತು. ಆದರೆ ಉಡದ ಬಗ್ಗೆ ಇಷ್ಟು ಭಕ್ತಿಯಿರುವ ಕಾಕುಗೆ ಪಾಲ ಕಂಡರೆ ಮಾತ್ರ ಕುರ್ಚಿ ಹತ್ತುವಷ್ಟು ಹೆದರಿಕೆ.

2024ರ ಒಂದು ಸಂಜೆ ಊರಿನಿಂದ ಕಾಕಾನ ಮಗನ ಫೋನು ಬಂತು. ಆಣೆಕಟ್ಟು ಏರಿಸುವ ಮಾತು ಮತ್ತೆ ಜೋರಾಗಿದೆ, ಮನೆಯ ಉತಾರ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಅವ್ವನ ಹೆಸರಿಗೆ ಮಾಡಿಸಿಕೊಂಡರೆ ಮುಂದೆ ಪರಿಹಾರಕ್ಕೆ ತೊಂದರೆಯಿಲ್ಲ, ಬಂದು ಸಹಿ ಮಾಡಿ ಹೋಗಿ ಎಂದ. ಫೋನು ಇಟ್ಟ ಮೇಲೆ ಅವ್ವ ಸುಮ್ಮನೆ ಕುಳಿತಳು. ಕಾಕು ಅಲ್ಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವ್ವ ಕೇಳಿದಳು.

"ಮನಿ ಹ್ವಾದಮ್ಯಾಲ ನಾ ಎಲ್ಲಿಗಿ ಹೋಗೂದ ತಂಗಿ?"

"ಎಲ್ಲಿಗಿ ಯಾಕ ಹೋಗ್ತಿ? ಇಲ್ಲೇ ಇರು. ಇದೂ ನಿನ್ನ ಮನೀನ."

ನಾನು ಹಾಗೆ ಅಂದದ್ದೇ ತಡ, ಗಡಿಯಾರದ ಹಿಂದಿನಿಂದ ಲೊಚ್ ಲೊಚ್ ಲೊಚ್!

ಅವ್ವ ನೆಲಕ್ಕೆ ಬೆರಳು ಕುಟ್ಟಿದಳು. "ಖರೇ ಅಂತೈತಿ ನೋಡು" ಅಂದಳು, ಆದರೆ ಧ್ವನಿಯಲ್ಲಿ ಎಂದಿನ ಗಟ್ಟಿತನ ಇರಲಿಲ್ಲ. ಅದೇ ಕ್ಷಣಕ್ಕೆ ಕಾಕು, "ಅಗಬಾಯೀ, ಪಾಲ ಚುಕಚುಕಲೀ!" ಎಂದು ಕಾಲು ಮೇಲೆತ್ತಿಕೊಂಡರು. ಆ ಮಾತಿನ ಅರ್ಥ ಅವ್ವನಿಗೆ ಯಾರೂ ಹೇಳಿರಲಿಲ್ಲ. ಆದರೆ ಕಾಕುವಿನ ಮುಖ ನೋಡಿದರೆ ಸಾಕಿತ್ತು. ಎರಡು ವರ್ಷದ ಗೆಳೆತನದಲ್ಲಿ ಇಬ್ಬರೂ ಮುಖ ಓದುವುದನ್ನು ಕಲಿತಿದ್ದರು. ಆ ಸಂಜೆ ಚಹಾ ಆರಿ ಹೋಯಿತು.

ರಾತ್ರಿ ಊಟಕ್ಕೆ ಕುಳಿತಾಗ ಮಗಳು ಈ ಜಗಳವನ್ನು ಬಗೆಹರಿಸಲು ನೋಡಿದಳು. ಆಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಆ ವರ್ಷ ಪ್ರಾಜೆಕ್ಟಿಗೆಂದು ನಮ್ಮ ಸೊಸೈಟಿಯ ಗೋಡೆಗಳ ಹಲ್ಲಿ ಎಣಿಸುತ್ತ ರಾತ್ರಿ ಟಾರ್ಚು ಹಿಡಿದು ತಿರುಗುತ್ತಿದ್ದಳು. ವಾಚ್‌ಮನ್ ಎರಡು ಸಲ ಹಿಡಿದು ಮನೆಗೆ ತಂದು ಒಪ್ಪಿಸಿದ್ದ.

"ಆಯಿ, ಅದು ಖರೇನೂ ಹೇಳಲ್ಲ, ಸುಳ್ಳೂ ಹೇಳಲ್ಲ. ಗಂಡ ಹಲ್ಲಿ ಇನ್ನೊಂದಕ್ಕ 'ಇದು ನನ್ನ ಜಾಗ, ದೂರ ಇರು' ಅಂತ ಹೇಳ್ತದ. ಒಮ್ಮೊಮ್ಮೆ ಹೆಣ್ಣಿನ್ನ ಕರೀತದ. ಅಷ್ಟ."

"ಇದು ನನ್ನ ಜಾಗ ಅಂತದನ?" ಅವ್ವ ತುತ್ತು ಹಿಡಿದುಕೊಂಡೇ ಕೇಳಿದಳು. "ಹಂಗಾರ ಅದು ನಮಗೂ ಹೇಳೂದ ಬಿಡು."

ಮಗಳಿಗೆ ಕೇಳುವವರು ಸಿಕ್ಕರೆ ಸಾಕು. ನಮ್ಮ ಮನೆಗಳಲ್ಲಿರುವ ಹಲ್ಲಿಗಳ ಕುಲಕ್ಕೆ ಹೆಮಿಡ್ಯಾಕ್ಟೈಲಸ್ ಎಂದು ಹೆಸರು, ಗ್ರೀಕಿನಲ್ಲಿ 'ಅರ್ಧ ಬೆರಳು' ಎಂದು ಅರ್ಥ. ಬೆರಳಿನ ಅಡಿಯ ಪದರಗಳು ನಡುವೆ ಸೀಳಿಕೊಂಡಿರುವುದರಿಂದ ಆ ಹೆಸರು. ಜಗತ್ತಿನಲ್ಲಿ ಇದರ 180ಕ್ಕೂ ಹೆಚ್ಚು ಜಾತಿಗಳಿವೆ. ಹಲ್ಲಿ ಗೋಡೆಗೆ ಹತ್ತುವುದು ಅಂಟಿನಿಂದಲ್ಲ. ಟೊಕೇ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು ಐದು ಲಕ್ಷ ಅತಿ ಸಣ್ಣ ಕೂದಲುಗಳಿವೆ, ಅವುಗಳ ತುದಿ ಮತ್ತೆ ನೂರಾರು ಸೀಳಾಗಿದೆ. ಆ ತುದಿ ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆಂದರೆ ಅಣುಗಳ ನಡುವಿನ ಸೆಳೆತವೇ ಅದನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದು, 2002ರಲ್ಲಿ ಈ ಕಾರಣವನ್ನು ಗಟ್ಟಿ ಮಾಡಿದರು.

ನಮ್ಮ ಗಡಿಯಾರದ ಹಿಂದಿರುವುದು ಫ್ರೆನೇಟಸ್. ಬಾಲದ ಮೇಲೆ ಸಣ್ಣ ಮುಳ್ಳಿನಂಥ ಸಾಲುಗಳಿವೆ, ಧ್ವನಿ ದೊಡ್ಡದು. ಜಿನೆಯ ಗೋಡೆಯ ಮೇಲಿರುವ ದಪ್ಪನೆಯ, ಹಳದಿ ಹೊಟ್ಟೆಯದು ಫ್ಲೇವಿವಿರಿಡಿಸ್. ಉತ್ತರ ಭಾರತದ ಮನೆಗಳಲ್ಲೆಲ್ಲ ಇರುವುದು ಅದು. ಆದರೆ ಜರ್ಮನಿಯ ರುಪೆಲ್ ಎಂಬಾತ 1835ರಲ್ಲಿ ಅದಕ್ಕೆ ಹೆಸರಿಟ್ಟದ್ದು ಕೆಂಪು ಸಮುದ್ರದ ದಂಡೆಯ ಮಸಾವಾದಲ್ಲಿ ಸಿಕ್ಕ ಹಲ್ಲಿ ನೋಡಿ. ಫ್ರೆನೇಟಸ್ ಅಂತೂ ಹಡಗಿನ ಸಾಮಾನಿನ ಜೊತೆ ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳು, ಅಮೆರಿಕ ಎಲ್ಲ ಕಡೆ ಹೋಗಿ ಸಂಸಾರ ಹೂಡಿದೆ. 2010ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬನ್ಸಲ್ ಮತ್ತು ಪ್ರವೀಣ್ ಕಾರಂತರು ಇವುಗಳ ವಂಶಾವಳಿ ಬಿಡಿಸಿ ನೋಡಿ, ಏಶಿಯಾದ ಮನೆಹಲ್ಲಿಗಳ ಮೂಲ ನಮ್ಮ ಭಾರತವೇ ಎಂದರು.

"ಅಂದ್ರ ಇವೂ ನಮ್ಮಂಗ ಊರ ಬಿಟ್ಟ ಹೋದವ" ಅಂದರು ನಮ್ಮವರು.

"ಹೌದು ಪಪ್ಪಾ. ಆದ್ರ ಹೋದಲ್ಲೆ ಸುಮ್ನ ಇರಂಗಿಲ್ಲ. ಪೆಸಿಫಿಕ್ ದ್ವೀಪದಾಗ ಲೈಟಿನ ಕೆಳಗ ಹುಳಾ ತಿನ್ನೂ ಜಾಗಾದಿಂದ ಅಲ್ಲಿದ್ದ ಹಲ್ಲಿಗಳನ್ನ ಇವು ದೂಡಿದಾವ."

ಈ ಮಾತಿಗೆ ಯಾರೂ ನಗಲಿಲ್ಲ. ಪರಊರಿನಲ್ಲಿ ಇಪ್ಪತ್ತೈದು ವರ್ಷ ಇದ್ದವರಿಗೆ ಇಂಥ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತದೆ. ನೀವ್ಯಾಕೆ ಬಂದಿರಿ ಎಂದು ಯಾರೂ ಕೇಳದಿದ್ದರೂ, ಕೇಳಬಹುದೆಂಬ ಎಚ್ಚರ ನಮ್ಮೊಳಗೆ ಸದಾ ಇರುತ್ತದೆ.

ಮಗಳು ಮಾತು ಬದಲಿಸಿದಳು. ಹಲ್ಲಿಗಳಲ್ಲಿ ಊರು ಬಿಡದವೂ ಇವೆ. ಒಂದೊಂದು ಬೆಟ್ಟಕ್ಕೆ, ಒಂದೊಂದು ಬಂಡೆ ಸಾಲಿಗೆ ಅಂಟಿಕೊಂಡವು. ನಮ್ಮ ಪುಣೆ ಜಿಲ್ಲೆಯ ಘಾಟ್‌ಘರದ ಹಲ್ಲಿಗೂ ಸಾತಾರೆಯ ಚಾಳಕೇವಾಡಿಯ ಹಲ್ಲಿಗೂ ವಿಜ್ಞಾನಿಗಳು ಹೆಸರಿಟ್ಟದ್ದು 2008ರಲ್ಲಿ. 2017ರಲ್ಲಿ ಸಾತಪುಡಾದ ಒಂದು ಹಲ್ಲಿಗೆ ಹಿಂದಿಯ 'ಛಿಪಕಲಿ' ಎಂಬುದನ್ನೇ ಲ್ಯಾಟಿನ್ ಹೆಸರಿನ ಬಾಲಕ್ಕೆ ಕಟ್ಟಿದರು. 2018ರಲ್ಲಿ ಹಂಪಿಯ ಬಂಡೆಗಳ ಹಲ್ಲಿಗೆ 'ಸಿವ' ಎಂಬ ಹೆಸರು ಬಂತು. "ಮತ್ತ ಅದ ವರ್ಷ ಬಾಗಲಕೋಟಿಯೊಳಗೂ ಒಂದು ಸಿಕ್ಕದ ಆಯಿ! ಹೆಮಿಡ್ಯಾಕ್ಟೈಲಸ್ ವಿಜಯರಾಘವನಿ."

"ಯಾರವಾ ವಿಜಯರಾಘವನಿ?"

ಕೆ. ವಿಜಯರಾಘವನ್ ಎಂಬ ದೊಡ್ಡ ಜೀವವಿಜ್ಞಾನಿ, ಆಗ ದಿಲ್ಲಿಯಲ್ಲಿ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದರು, ಅವರ ಗೌರವಕ್ಕೆ ಇಟ್ಟ ಹೆಸರು ಎಂದು ಮಗಳು ವಿವರಿಸಿದಳು. ಅವ್ವ ಸ್ವಲ್ಪ ಯೋಚಿಸಿ, "ನಮ್ಮೂರ ಹಲ್ಲಿಗಿ ದಿಲ್ಲ್ಯಾನವರ ಹೆಸರ! ಆಗ್ಲಿ ತಗೋ, ಅಷ್ಟರ ಮಂದಿಗಿ ಗೊತ್ತಾತು" ಅಂದಳು. ಆಮೇಲೆ ಕೇಳಿದಳು: "ಅದೂ ಗ್ವಾಡಿ ಮ್ಯಾಲ ಇರ್ತೈತೇನ?"

"ಇಲ್ಲ ಆಯಿ. ಅದು ನೆಲದ ಹಲ್ಲಿ. ನೆಲದ ಮ್ಯಾಲ ಅಡ್ಡಾಡೂದು."

"ಹಂಗಾರ ಅದನ್ನ ಇಲ್ಲಿಗಿ ತಂದು ಈ ನಾಕನೇ ಮಾಳಿಗಿ ಮ್ಯಾಲ ಬಿಟ್ಟರ?"

ಮಗಳು ನನ್ನ ಮುಖ ನೋಡಿದಳು. ಅವ್ವ ಉತ್ತರಕ್ಕೆ ಕಾಯಲಿಲ್ಲ, ತಾಟು ಎತ್ತಿಕೊಂಡು ಒಳಗೆ ಹೋದಳು.

ಇದಾಗಿ ಒಂದು ತಿಂಗಳಿಗೆ ಸೊಸೈಟಿಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಜಿನೆಯ ಗೋಡೆಗಳಿಗೆ ಹೊಸ ಬಣ್ಣ ಹಚ್ಚಿದ್ದರು. ಹಲ್ಲಿಯ ಹಿಕ್ಕೆ ಬಿದ್ದು ಕೆಡುತ್ತದೆ ಎಂದು ಯಾರೋ ದೂರು ಕೊಟ್ಟರು. ಮರುವಾರ ಪ್ರತಿ ಮಹಡಿಯ ಮೂಲೆಗೂ ಅಂಟಿನ ಹಲಗೆಗಳು ಬಂದವು. ಬೆಳಿಗ್ಗೆ ಹೂವಿಗೆಂದು ಕೆಳಗಿಳಿದ ಅವ್ವ ಮೂರನೆಯ ಮಹಡಿಯಲ್ಲೇ ನಿಂತುಬಿಟ್ಟಳು. ಒಂದು ಹಳದಿ ಹೊಟ್ಟೆಯ ಹಲ್ಲಿ ಹಲಗೆಗೆ ಮೈಯೆಲ್ಲ ಅಂಟಿಕೊಂಡು ಬಿದ್ದಿತ್ತು, ಪಕ್ಕೆ ಮಾತ್ರ ಏರಿಳಿಯುತ್ತಿತ್ತು. ಐದು ಲಕ್ಷ ಕೂದಲಿನ ವಿದ್ಯೆ ಒಂದು ಹಲಗೆಯ ಗೋಂದಿನ ಮುಂದೆ ಏನೂ ನಡೆಯಲಿಲ್ಲ.

ಅವ್ವ ಮೇಲೆ ಬಂದು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡಳು. ಎದುರು ಬಾಗಿಲು ಬಡಿದು ಕಾಕುವನ್ನೂ ಎಬ್ಬಿಸಿದಳು. ನಾನು ಹೋಗಿ ನೋಡುವಷ್ಟರಲ್ಲಿ ಅವ್ವ ಮೊಳಕಾಲು ನೋವು ಮರೆತು ಮೆಟ್ಟಿಲ ಮೇಲೆ ಕುಳಿತಿದ್ದಳು. ಬೆರಳಿನಿಂದ ತೊಟ್ಟು ತೊಟ್ಟು ಎಣ್ಣೆ ಬಿಟ್ಟು ಒಂದೊಂದೇ ಕಾಲು ಬಿಡಿಸುತ್ತಿದ್ದಳು. ಪಾಲ ಕಂಡರೆ ಕುರ್ಚಿ ಹತ್ತುವ ಕಾಕು ಮುಖವನ್ನು ಆ ಕಡೆ ತಿರುಗಿಸಿಕೊಂಡು, ಕೈಯಲ್ಲಿ ಮಾತ್ರ ಟಾರ್ಚನ್ನು ನೇರ ಹಿಡಿದಿದ್ದರು. "ಝಾಲಂ ಕಾ? ಝಾಲಂ ಕಾ?" ಎಂದು ಅವರು ಕೇಳುವುದು, "ತಡೀರಿ, ತಡೀರಿ" ಎಂದು ಅವ್ವ ಹೇಳುವುದು. ಕೊನೆಗೆ ಹಲ್ಲಿ ಬಿಡುಗಡೆಯಾಗಿ ಗೋಡೆ ಸೇರಿತು. ಬಾಲ ಹಲಗೆಯ ಮೇಲೆಯೇ ಉಳಿದು ಸ್ವಲ್ಪ ಹೊತ್ತು ಹೊರಳಾಡಿತು.

"ಬಾಲ ಮತ್ತ ಬರ್ತದ ಆಯಿ" ಎಂದು ಮಗಳು ಸಮಾಧಾನ ಹೇಳಿದಳು. "ಆದ್ರ ಒಳಗ ಮೊದಲಿನ ಮೂಳಿ ಇರಂಗಿಲ್ಲ. ಮೂಳೆಯ ಬದಲು ಮೆತ್ತನ್ನ ಎಲುಬಿನ ಒಂದು ಕೊಳವಿ ಇರ್ತದ."

"ಗೊತ್ತೈತಿ ಬಿಡವಾ" ಅಂದಳು ಅವ್ವ ಕೈ ಒರೆಸಿಕೊಳ್ಳುತ್ತ. "ನವನಗರ ನೋಡಿಲ್ಲೇನ ನಾವು? ರಸ್ತೆ ಅಗಲ, ಗಿಡ ಚಂದ, ನಳದ ನೀರು. ಆದ್ರ ಮಂದಿ ಇವತ್ತಿಗೂ ಊರಾಗ ಹೋಗಿ ಬರ್ತೀನಿ ಅಂತ ಅನ್ನೂದು ಹಳೇ ಬಾಗಲಕೋಟಿಗಿ."

ಅಂದು ಸಂಜೆ ಕಾಕು ಸೊಸೈಟಿಯ ಕಚೇರಿಗೆ ತಾವೇ ಹೋಗಿ ಏನು ಮಾತಾಡಿದರೋ, ಹಲಗೆಗಳು ಮರುದಿನ ಮಾಯವಾದವು. ಅವರಿಗೆ ಪಾಲದ ಹೆದರಿಕೆ ಇವತ್ತಿಗೂ ಹೋಗಿಲ್ಲ. ನಮ್ಮ ಮನೆಗೆ ಬಂದರೆ ಗಡಿಯಾರಕ್ಕೆ ಬೆನ್ನು ಮಾಡಿ ಕೂರುತ್ತಾರೆ. ಆದರೆ ಅದು ಲೊಚಗುಟ್ಟಿದರೆ ಈಗ ಮೊದಲು ಅವ್ವನ ಮುಖ ನೋಡಿ, "ಖರೇ?" ಎಂದು ಕೇಳುತ್ತಾರೆ. ಅವ್ವನೂ ಒಮ್ಮೊಮ್ಮೆ ಬೆರಳು ಕುಟ್ಟುವ ಮುನ್ನ ಅರೆಗಳಿಗೆ ತಡೆಯುತ್ತಾಳೆ. ಸತ್ಯ ಮತ್ತು ಶಂಕೆ ಎರಡೂ ಒಂದೇ ಗಡಿಯಾರದ ಹಿಂದೆ ಇರಬಹುದು ಎಂಬುದು ಇಬ್ಬರಿಗೂ ಒಪ್ಪಿಗೆಯಾದಂತಿದೆ.

ನನಗೂ ಆ ಸಂಜೆಯ ನನ್ನ ಮಾತು ಸುಳ್ಳಲ್ಲ ಎಂದು ಗೊತ್ತು. ಇದು ಅವ್ವನದೂ ಮನೆಯೇ. ಆದರೆ ಮನೆ ಬೇರೆ, ಜಾಗ ಬೇರೆ. ಗೋಡೆ ಸಿಕ್ಕಲ್ಲಿ ಹತ್ತಿ ಬದುಕುವುದು ನನಗೆ ಬಂದಿದೆ, ನನ್ನ ಮಗಳಿಗಂತೂ ಹುಟ್ಟಾ ಬಂದಿದೆ. ಅವ್ವ ನೆಲದವಳು. ಅವಳಿಗೆ ನೆಲ ಬೇಕು ಎನ್ನುವುದು ಹಟವೂ ಅಲ್ಲ, ನಮ್ಮ ಪ್ರೀತಿಯ ಮೇಲಿನ ಅಪನಂಬಿಕೆಯೂ ಅಲ್ಲ. ಇಷ್ಟನ್ನು ತಿಳಿದ ಮೇಲೆ ನಮ್ಮವರು ಮತ್ತು ನಾನು ಕೂತು ಮಾತಾಡಿಕೊಂಡೆವು. ಪರಿಹಾರ ಯಾವಾಗ ಬಂದರೂ, ಎಷ್ಟು ಬಂದರೂ, ಅದರಲ್ಲಿ ಪುಣೆಗೆ ಒಂದು ರೂಪಾಯಿ ತರುವುದು ಬೇಡ. ಪುನರ್ವಸತಿಯ ಜಾಗ ಎಲ್ಲಿ ಕೊಡುತ್ತಾರೋ ಅಲ್ಲಿ ಅವ್ವನ ಹೆಸರಿಗೆ ಎರಡು ಕೋಣೆ ಕಟ್ಟಿಸುವುದು. ಥಂಡಿಯಲ್ಲಿ, ಜಾತ್ರೆಯಲ್ಲಿ ಅವ್ವ ಅಲ್ಲಿ, ಮೊಳಕಾಲು ಕೈಕೊಟ್ಟಾಗ ಇಲ್ಲಿ. ಹೇಳಿದಾಗ ಅವ್ವ ಹೆಚ್ಚು ಮಾತಾಡಲಿಲ್ಲ. "ಒಳಕಲ್ಲ ತಗೊಂಡ ಹೋಗಿ ಅಲ್ಲೇ ಹುಗಸ್ರಿ" ಅಂದಳು, ಅಷ್ಟೆ.

ಉತಾರದ ಕೆಲಸಕ್ಕೆಂದು ಊರಿಗೆ ಹೋದಾಗ ಒಂದು ಅರ್ಜಿ ತುಂಬಬೇಕಾಯಿತು. ನಾನು ಬರೆಯುತ್ತ ಹೋದೆ. ಹೆಸರು, ಗಂಡನ ಹೆಸರು, ವಯಸ್ಸು. ಖಾಯಂ ವಿಳಾಸ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. "ಇಲ್ಲಿ ಏನ್ ಬರೀಲವ್ವಾ, ಪುಣಾದ್ದೋ ಊರದ್ದೋ?" ಎಂದು ಕೇಳಿದೆ.

"ಊರದ್ದ ಬರಿ."

"ನೀರ ಬಂದ್ರ ಅದು ಇರಂಗಿಲ್ಲಲ್ಲ?"

ಅವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು. ಹೊರಗೆ ಘಟಪ್ರಭೆಯ ಹಿನ್ನೀರು ಹೊಲಗಳಿದ್ದ ಜಾಗದಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

"ನೀರ ಬರೂತನಾ ಅದ ಖಾಯಂ" ಅಂದಳು. "ಬಂದ ಮ್ಯಾಲಿಂದು ಆಮ್ಯಾಲ ನೋಡೂಣು. ಬರಿ ನೀ."

ಬರೆದೆ.